ಉಪ್ಪುನೀರಿನ ಹಿತ್ತಲಲ್ಲಿ ತರಕಾರಿ



ಸಾರು, ಪಲ್ಯ, ಉಪ್ಪಿನಕಾಯಿ ಎಂದು ಅಡುಗೆಮನೆಯಲ್ಲೇ ನಮ್ಮ ಮಾತು ಮುಗಿದುಹೋಗುತ್ತದೆ. ಈ ಸಲ ಹಿತ್ತಲ ಬಾಗಿಲು ತೆಗೆದು ಸ್ವಲ್ಪ ಹೊರಗೆ ಬನ್ನಿ.

ನಮ್ಮ ದೊಡ್ಡೇರಿಯ ಹೆಸರಿನಲ್ಲೇ ಏರಿ ಇದೆ. ಆದರೆ ಬೇಸಿಗೆಯಲ್ಲಿ ಹಿತ್ತಲಿಗೆ ಬರುವುದು ಬೋರ್‌ವೆಲ್ ನೀರೇ. ಮಧುಗಿರಿ, ಶಿರಾ, ಪಾವಗಡದ ಕಡೆ ಅನೇಕ ಮನೆಗಳ ಕಥೆ ಇದೇ. ಕುಡಿಯುವ ನೀರನ್ನು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದುಕೊಳ್ಳುತ್ತೇವೆ. ಗಿಡಗಳಿಗೆ ಮಾತ್ರ ಕೊಳಾಯಿಯಲ್ಲಿ ಬಂದದ್ದೇ ಗತಿ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ಗಿಡದ ಬುಡದಲ್ಲಿ ಸುಮ್ಮನಿರುತ್ತದೆಯೇ?

ಹುರುಳಿಕಾಯಿ ಗಿಡದ ಎಲೆಯ ಅಂಚು ಸುಟ್ಟಂತಾಗುತ್ತದೆ. ಮಣ್ಣು ಒದ್ದೆಯಿದ್ದರೂ ಮಧ್ಯಾಹ್ನ ಗಿಡ ಜೋತುಬೀಳುತ್ತದೆ. "ನೀರು ಸಾಲ್ತಿಲ್ಲ ಕಣೇ, ಇನ್ನೊಂದು ಚೊಂಬು ಹಾಕು" ಅನ್ನುತ್ತಾರೆ ಪಕ್ಕದ ಮನೆ ಅಕ್ಕ. ಅದೇ ನೀರು ಇನ್ನೊಂದು ಚೊಂಬು ಬೀಳುತ್ತದೆ. ಗಿಡ ಇನ್ನಷ್ಟು ಸೊರಗುತ್ತದೆ. ಇದು ಬರೀ ಬಾಯಾರಿಕೆಯಲ್ಲ, ಉಪ್ಪಿನ ಕಾಟ.

ಹೇಗೆ ಅಂತೀರಾ? ಕೋಸಂಬರಿಗೆ ಸೌತೆಕಾಯಿ ಹೆಚ್ಚಿ ಉಪ್ಪು ಬೆರೆಸಿ ನೋಡಿ. ಹತ್ತು ನಿಮಿಷಕ್ಕೆ ಬಟ್ಟಲ ತುಂಬ ನೀರು. ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುವುದು ಅದರ ಗುಣ. ಬೇರಿನೊಳಗಿನ ರಸ ಮಣ್ಣಿನ ನೀರಿಗಿಂತ ಗಟ್ಟಿಯಾಗಿರುವುದರಿಂದಲೇ ಬೇರು ನೀರು ಹೀರಿಕೊಳ್ಳುತ್ತದೆ. ಮಣ್ಣಿನಲ್ಲಿ ಉಪ್ಪು ಹೆಚ್ಚಿದಷ್ಟೂ ಹೀರುವುದು ಕಷ್ಟ. ಕಾಲಡಿಯಲ್ಲಿ ನೀರಿದ್ದೂ ಗಿಡಕ್ಕೆ ಉಪವಾಸ! ಇದು ಮೊದಲ ಪೆಟ್ಟು. ಎರಡನೆಯದು ನಿಧಾನ. ನೀರಿನ ಜೊತೆ ಒಳಗೆ ಹೋದ ಸೋಡಿಯಂ, ಕ್ಲೋರೈಡ್ ಹಳೆಯ ಎಲೆಗಳ ತುದಿಯಲ್ಲಿ ಕೂಡಿಕೊಂಡು ಅಂಚನ್ನು ಸುಡುತ್ತವೆ. ಟೊಮೇಟೊ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪದೆ ತಳ ಕಪ್ಪಾಗುವುದೂ ಉಂಟು.

ಒಂದು ಲೆಕ್ಕ ಹಾಕೋಣ. ಟಿ.ಡಿ.ಎಸ್. ಮೀಟರ್ 1000 ತೋರಿಸಿದರೆ ಲೀಟರಿಗೆ 1 ಗ್ರಾಂ ಲವಣ ಎಂದರ್ಥ. ಒಂದು ಪಾತಿಗೆ ದಿನಕ್ಕೆ 15 ಲೀಟರಿನ ಒಂದು ಬಕೆಟ್ ಹಾಕಿದರೆ ತಿಂಗಳಿಗೆ 450 ಗ್ರಾಂ! ಎಲ್ಲವೂ ಅಡುಗೆ ಉಪ್ಪಲ್ಲ, ಸುಣ್ಣದಂಥವೂ ಇರುತ್ತವೆ. ಆದರೂ ಸುಮಾರು ಅರ್ಧ ಕಿಲೋ ಆಯಿತಲ್ಲ. ಸಾರು ಕುದಿದು ಬತ್ತಿದರೆ ಉಪ್ಪಾಗುವ ಹಾಗೆ, ಬಿಸಿಲಿಗೆ ನೀರು ಆರಿ ಲವಣ ಮಾತ್ರ ಮಣ್ಣಿನಲ್ಲೇ ಉಳಿಯುತ್ತದೆ. ಸಾಮಾನ್ಯವಾಗಿ 450ರ ಒಳಗಿದ್ದರೆ ಚಿಂತೆಯಿಲ್ಲ, 2000 ದಾಟಿದರೆ ತರಕಾರಿಗೆ ಬಹಳ ಕಷ್ಟ.

ಮನೆಯಲ್ಲಿ ಆರ್.ಓ. ಯಂತ್ರ ಇರುವವರು ಇದನ್ನು ಗಮನಿಸಿ. "ವ್ಯರ್ಥ ಯಾಕೆ" ಎಂದು ಅದರ ಬಿಟ್ಟ ನೀರನ್ನು ಗಿಡಕ್ಕೆ ಸುರಿಯುತ್ತೇವಲ್ಲ, ಒಳಗೆ ಹೋದ ನಾಲ್ಕು ಕೊಡದ ಉಪ್ಪು ಮೂರು ಕೊಡದಲ್ಲಿ ಹೊರಬರುತ್ತದೆ. ಅರ್ಧಕ್ಕರ್ಧ ಹೊರಬಿಡುವ ಯಂತ್ರವಾದರೆ ಉಪ್ಪು ಎರಡರಷ್ಟು. ಆ ನೀರಲ್ಲಿ ನೆಲ ಒರೆಸಿ, ಪಾಯಿಖಾನೆಗೆ ಬಳಸಿ. ಬಟ್ಟೆ ಒಗೆದ ನೀರಿನಲ್ಲೂ ಸೋಡದ ಅಂಶ ಇರುವುದರಿಂದ ಅದೂ ತರಕಾರಿ ಪಾತಿಗೆ ಬೇಡ. "ತೆಂಗಿನ ಗುಂಡಿಗೆ ಉಪ್ಪು ಹಾಕ್ತೀವಲ್ಲ, ಬದನೆಗೇನು ಕೇಡು?" ಅಂತ ಕೇಳಬಹುದು. ತೆಂಗು ಕಡಲ ದಂಡೆಯಲ್ಲೂ ಬೆಳೆಯುವ ಮರ, ತಡೆಯುತ್ತದೆ. ಬದನೆಗೆ ಆ ಶಕ್ತಿ ಇಲ್ಲ.

ಎಲ್ಲ ತರಕಾರಿಯ ಸಹನೆಯೂ ಒಂದೇ ಅಲ್ಲ. ಅಮೆರಿಕದ ರಿವರ್‌ಸೈಡ್‌ನ ಲವಣ ಪ್ರಯೋಗಾಲಯದ ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು 1977ರಲ್ಲಿ ಬೆಳೆಗಳ ಒಂದು ಪಟ್ಟಿ ಕೊಟ್ಟರು. ಮಣ್ಣಿನ ಉಪ್ಪಿಗೆ ಡೆಸಿ ಸೀಮನ್ಸ್ ಎಂಬ ಅಳತೆ ಇದೆ. ಹುರುಳಿಕಾಯಿ, ಕ್ಯಾರೆಟ್ 1ಕ್ಕೇ ಸೋಲಲು ಶುರುಮಾಡುತ್ತವೆ. ಈರುಳ್ಳಿ, ಮೂಲಂಗಿ 1.2ಕ್ಕೆ, ಮೆಣಸಿನಕಾಯಿ 1.5ಕ್ಕೆ. ಸೌತೆ, ಟೊಮೇಟೊ 2.5ರವರೆಗೆ ತಡೆಯುತ್ತವೆ. ಬೀಟ್‌ರೂಟ್ 4ರವರೆಗೆ, ಅಲಸಂದೆ ಇನ್ನೂ ಸ್ವಲ್ಪ ಮುಂದೆ. ಮಿತಿ ದಾಟಿದ ಮೇಲೆ ಅಳತೆ ಒಂದೊಂದು ಏರಿದಾಗಲೂ ಹುರುಳಿಕಾಯಿಯ ಇಳುವರಿ ನೂರರಲ್ಲಿ 19 ಭಾಗ ಇಳಿದರೆ, ಟೊಮೇಟೊದ್ದು ಸುಮಾರು 10 ಭಾಗ. ಉಪ್ಪುನೀರಿನ ಟೊಮೇಟೊ ಗಾತ್ರದಲ್ಲಿ ಸಣ್ಣದು, ರುಚಿಯಲ್ಲಿ ಮಾತ್ರ ಗಟ್ಟಿ. ತಾನಾಗಿ ಹುಟ್ಟುವ ಗೋಣಿಸೊಪ್ಪನ್ನು ಕಳೆ ಎಂದು ಕಿತ್ತು ಬಿಸಾಡಬೇಡಿ. ಉಪ್ಪು ನೆಲದಲ್ಲೂ ಅದು ಚೆನ್ನಾಗಿ ಬರುತ್ತದೆ, ಬಸ್ಸಾರಿಗೂ ಆಗುತ್ತದೆ.

ಹಾಗಾದರೆ ಮಾಡುವುದೇನು? ದುಡ್ಡು ಖರ್ಚಿಲ್ಲದ ಕೆಲವು ಉಪಾಯಗಳು ಇಲ್ಲಿವೆ.

1. ಬೀಜ ಮೊಳೆಯುವಾಗ ಮತ್ತು ಸಸಿ ಎಳೆಯದಿರುವಾಗ ಸಿಹಿನೀರು ಕೊಡಿ. ದೊಡ್ಡದಾದ ಮೇಲೆ ತಡೆಯುವ ಬೀಟ್‌ರೂಟ್ ಕೂಡ ಮೊಳಕೆಯಲ್ಲಿ ಉಪ್ಪಿಗೆ ಹೆದರುತ್ತದೆ. ಒಂದು ಸಸಿ ತಟ್ಟೆಗೆ ದಿನಕ್ಕೆ ಒಂದೆರಡು ಚೊಂಬು ಸಾಕು. ಹಿಡಿದಿಟ್ಟ ಮಳೆ ನೀರಿದ್ದರೆ ಇನ್ನೂ ಒಳ್ಳೆಯದು.

2. ದಿನಾ ಚಿಮುಕಿಸುವುದನ್ನು ಬಿಡಿ. ಮೇಲಿನ ಮಣ್ಣು ಮಾತ್ರ ನೆನೆದು ಆರಿದರೆ ಉಪ್ಪು ಬೇರಿನ ಸುತ್ತಲೇ ಉಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ, ಸಂಜೆ, ಆಳಕ್ಕೆ ಇಳಿಯುವಷ್ಟು ಹಾಕಿ. ಹೆಚ್ಚಿನ ನೀರು ಬೇರನ್ನು ದಾಟಿ ಕೆಳಗೆ ಹೋಗುವಾಗ ಉಪ್ಪನ್ನೂ ಎಳೆದುಕೊಂಡು ಹೋಗುತ್ತದೆ. ಕುಂಡದಲ್ಲಾದರೆ ತಳದ ತೂತಿನಿಂದ ನೀರು ಸುರಿಯುವವರೆಗೆ ಹಾಕಿ. ತೂತೇ ಇಲ್ಲದ ಡಬ್ಬದಲ್ಲಿ ಗಿಡ ನೆಡಬೇಡಿ.

3. ಎಲೆಯ ಮೇಲೆ ನೀರು ಹಾಕಬೇಡಿ. ಬಿಸಿಲಿಗೆ ಆರಿದ ಉಪ್ಪು ಎಲೆಯನ್ನೇ ಸುಡುತ್ತದೆ.

4. ಬದುವಿನ ನೆತ್ತಿಯ ಮೇಲೆ ಸಸಿ ನೆಡದೆ ಪಕ್ಕದ ಇಳಿಜಾರಿನಲ್ಲಿ ನೆಡಿ. ಕಾಲುವೆಯ ನೀರು ಮೇಲೇರಿ ಆರುವಾಗ ಉಪ್ಪೆಲ್ಲ ನೆತ್ತಿಯಲ್ಲಿ ಬೆಳ್ಳಗೆ ಕೂರುತ್ತದೆ. ಆ ಬಿಳಿ ಪದರವನ್ನು ಕೆರೆದು ಹೊರಗೆ ಎಸೆಯಿರಿ, ಮಣ್ಣಿಗೆ ಬೆರೆಸಬೇಡಿ.

5. ಕೊಟ್ಟಿಗೆ ಗೊಬ್ಬರ ಹಾಕಿ, ಬುಡಕ್ಕೆ ಒಣ ಎಲೆ, ಹುಲ್ಲು ಮುಚ್ಚಿ. ಮಣ್ಣು ಬೇಗ ಆರದಿದ್ದರೆ ಉಪ್ಪೂ ಬೇಗ ಮೇಲೇಳುವುದಿಲ್ಲ.

6. ಮಳೆಗಾಲ ಬಂದಾಗ ಪಾತಿಗೆ ಮಳೆ ಚೆನ್ನಾಗಿ ಬೀಳಲಿ. ಒಂದು ಜೋರು ಮಳೆ ಮಾಡುವ ತೊಳೆತ ನಮ್ಮ ಹತ್ತು ಬಕೆಟ್‌ನಿಂದ ಆಗದು. ಹುರುಳಿಕಾಯಿ, ಕ್ಯಾರೆಟ್, ಈರುಳ್ಳಿಯನ್ನು ಮಳೆಯ ನಂತರಕ್ಕೆ ಇಟ್ಟುಕೊಳ್ಳಿ. ಬೇಸಿಗೆಗೆ ಅಲಸಂದೆ, ಸೊಪ್ಪು ಸಾಕು.

ನೆಲ ಒಣಗಿದಾಗ ಕಲ್ಲಿನಂತೆ ಗಟ್ಟಿಯಾಗಿ, ಹಾಕಿದ ನೀರು ಇಂಗದೆ ನಿಂತರೆ ಅದು ಸೋಡಿಯಂ ಹೆಚ್ಚಿದ ಗುರುತು. ಅಂಥ ಕಡೆ ಬರೀ ನೀರು ಸುರಿದರೆ ಪ್ರಯೋಜನವಿಲ್ಲ, ಜಿಪ್ಸಂ ಬೇಕಾಗಬಹುದು. ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ನಮ್ಮ ಜಿಲ್ಲೆಯಲ್ಲಿ ತುಮಕೂರಿನ ಹಿರೇಹಳ್ಳಿಯಲ್ಲೂ ತಿಪಟೂರಿನ ಕೊನೇಹಳ್ಳಿಯಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಯಜಮಾನರು ಆ ಕಡೆ ಹೋಗುವಾಗ ಒಂದು ಪೊಟ್ಟಣ ಮಣ್ಣು, ಒಂದು ಬಾಟಲಿ ನೀರು ಕೈಗೆ ಕೊಟ್ಟು ಕಳಿಸಿ. ಮಣ್ಣಿನ ಉಪ್ಪು ಇಡೀ ಸೀಮೆಯನ್ನೇ ಕೆಡಿಸಬಲ್ಲದು. ತುಂಗಭದ್ರಾ ನಾಲೆಯ ಗಂಗಾವತಿ, ಸಿಂಧನೂರು ಕಡೆ ನೀರು ನಿಂತು ನಿಂತು ಎಷ್ಟೋ ಗದ್ದೆಗಳು ಸವಳಾಗಿವೆ. ನಮ್ಮದು ನಾಲ್ಕು ಪಾತಿಯ ಹಿತ್ತಲು, ಈಗಲೇ ಎಚ್ಚೆತ್ತರೆ ಉಳಿಸಿಕೊಳ್ಳಬಹುದು.

ಸಂತೆಯಲ್ಲಿ ತರಕಾರಿಯ ಬೆಲೆ ಕೇಳಿ ಚೀಲ ಮಡಚಿಕೊಂಡು ಬರುವ ದಿನ, ಹಿತ್ತಲ ಒಂದು ಹಿಡಿ ಸೊಪ್ಪೇ ಮನೆಯ ಮಾನ ಕಾಯುತ್ತದೆ. ಗಿಡ ಬಾಡಿದರೆ ಚೊಂಬು ಎತ್ತುವ ಮುಂಚೆ ಬುಡದ ಮಣ್ಣು ಮುಟ್ಟಿ ನೋಡಿ. ಒದ್ದೆಯಿದ್ದೂ ಬಾಡಿದ್ದರೆ ಮೊದಲು ನೀರನ್ನು ಅನುಮಾನಿಸಿ. ನಿಮ್ಮ ಊರಿನ ನೀರಿನಲ್ಲಿ ಯಾವ ತರಕಾರಿ ಗೆದ್ದಿತು, ಯಾವುದು ಸೋತಿತು, ಬರೆದು ತಿಳಿಸುತ್ತೀರಲ್ಲ?