ರೆಕ್ಕೆಯ ಒಳಮೈ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ವಿಮಾನದ ರೆಕ್ಕೆಯ ಮಾತೇಕೆ ಎಂದು ವಾಚಕರು ಕೇಳಿಯಾರು. ಕೇಳುವುದು ನ್ಯಾಯವೇ. 2019ರ ಬೇಸಗೆಯ ರಜೆಯಲ್ಲಿ ಅಮೆರಿಕದ ಆರೆಗನ್ ಸೀಮೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಹಿಂದೆ ಪಿ.ಯು. ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿದ್ದ ಹುಡುಗನೊಬ್ಬ ಅದೇ ಊರಿನಲ್ಲಿದ್ದಾನೆಂದು ತಿಳಿದು ನೋಡಹೋದೆ. ಕಾರು ನಿಲ್ಲಬೇಕಾದ ಷೆಡ್ಡಿನಲ್ಲಿ ಕಾರಿರಲಿಲ್ಲ. ಆಳೆತ್ತರ ಮೀರಿದ ಅಲ್ಯುಮಿನಿಯಂ ಅಸ್ಥಿಪಂಜರವೊಂದು ಮರದ ಕಾಲುಗಳ ಮೇಲೆ ಉದ್ದಕ್ಕೆ ಚಾಚಿಕೊಂಡಿತ್ತು. “ರೆಕ್ಕೆ, ಮೇಷ್ಟ್ರೇ, ಎಡಗಡೆಯದು” ಎಂದ.

ಇಬ್ಬರು ಕೂರುವ ಪುಟ್ಟ ವಿಮಾನ. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಎಂಬ ಎಂಜಿನಿಯರು ಆ ಸೀಮೆಯಲ್ಲೇ 1970ರ ದಶಕದಲ್ಲಿ ಆರಂಭಿಸಿದ ಸಂಸ್ಥೆಯಿಂದ ಬಿಡಿಭಾಗಗಳನ್ನು ತರಿಸಿಕೊಂಡು ಜನ ಮನೆಯಲ್ಲೇ ಜೋಡಿಸುತ್ತಾರೆ. ಹೀಗೆ ಜೋಡಿಸಿ ಹಾರಿಸಿದವು ಹತ್ತು ಸಾವಿರಕ್ಕೂ ಮಿಕ್ಕಿವೆ. ನನ್ನ ಶಿಷ್ಯನದು ಆರ್‌ವಿ-7. ತುದಿಯಿಂದ ತುದಿಗೆ ರೆಕ್ಕೆ 25 ಅಡಿ, ಹರವು 121 ಚದರ ಅಡಿ. ತುಂಬಿದ ವಿಮಾನದ ತೂಕ 1800 ಪೌಂಡು. ಎಂದರೆ ಒಂದೊಂದು ಚದರ ಅಡಿ ರೆಕ್ಕೆಯೂ ಸುಮಾರು 15 ಪೌಂಡು ಭಾರವನ್ನು ಗಾಳಿಯಲ್ಲಿ ಹೊರಬೇಕು. ಉದ್ದಕ್ಕೆ ಒಂದು ತೊಲೆ, ಅದಕ್ಕೆ ಅಡ್ಡಲಾಗಿ ಪಕ್ಕೆಲುಬುಗಳು, ಮೇಲೆ ಒಂದು ಮಿಲಿಮೀಟರೂ ದಪ್ಪವಿಲ್ಲದ ತಗಡಿನ ಹೊದಿಕೆ. ಹೊದಿಕೆಯೆಂದರೆ ಬರಿಯ ಅಂಗಿಯೆಂದು ನಾನು ಬಗೆದಿದ್ದೆ, ಹಾಗಲ್ಲವಂತೆ. ಗಾಳಿ ರೆಕ್ಕೆಯನ್ನು ತಿರುಚಲು ಬಂದಾಗ ತಡೆದು ನಿಲ್ಲುವುದು ಆ ತೆಳು ತಗಡೇ. ಅದನ್ನು ಎಲುಬಿಗೆ ಕಚ್ಚಿಸುವುದು ರಿವೆಟ್ಟು.

ತೊಲೆ ಕಾರ್ಖಾನೆಯಲ್ಲೇ ಸಿದ್ಧವಾಗಿ ಬರುತ್ತದೆ; ತಗಡುಗಳಲ್ಲಿ ತೂತುಗಳೂ ಮೊದಲೇ ಬಿದ್ದಿರುತ್ತವೆ. ಇದನ್ನು ಕೇಳಿದೊಡನೆ ನನ್ನ ಮೇಷ್ಟರ ಬುದ್ಧಿ ಜಾಗೃತವಾಯಿತು. “ಇದು ಗೈಡು ನೋಡಿ ಉತ್ತರ ಬರೆದ ಹಾಗಾಯಿತಲ್ಲವೇನಪ್ಪ?” ಎಂದೆ. ಅವನು ನಕ್ಕು, ಅಂಗೈಯಗಲದ ಉಕ್ಕಿನ ಗಟ್ಟಿಯೊಂದನ್ನು ನನ್ನ ಕೈಗಿತ್ತ.

ರಿವೆಟ್ಟು ಬಡಿಯಲು ಇಬ್ಬರು ಬೇಕು. ಒಬ್ಬ ಹೊರಗಿನಿಂದ ಗಾಳಿಯ ಸುತ್ತಿಗೆಯನ್ನು ತಲೆಯ ಮೇಲೊತ್ತಿ ಹೊಡೆಯುತ್ತಾನೆ. ಇನ್ನೊಬ್ಬ ಎಲುಬುಗಳ ನಡುವೆ ತೋಳು ತೂರಿಸಿ, ಬಾಲಕ್ಕೆ ಗಟ್ಟಿಯನ್ನು ಆನಿಸಿ ಹಿಡಿಯುತ್ತಾನೆ. ಗಟ್ಟಿಗೆ ತಗುಲಿ ಬಾಲ ಚಪ್ಪಟೆಯಾಗಬೇಕು: ಅಗಲ ರಿವೆಟ್ಟಿನ ವ್ಯಾಸದ ಒಂದೂವರೆ ಪಟ್ಟು, ಎತ್ತರ ಅರ್ಧ. (ಈ ಗಟ್ಟಿಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಆಮೇಲೆ ನಿಘಂಟುಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಬೆಂಗಳೂರಿನಲ್ಲಿ 1940ರಿಂದ ವಿಮಾನದ ಕಾರ್ಖಾನೆಯಿದೆ. ಅಲ್ಲಿ ಅದನ್ನು ಹಿಡಿದ ಕೈಗಳಿಗೆ ಒಂದು ಮಾತು ಇದ್ದೇ ಇರಬೇಕು. ನಾವು ಪರಿಭಾಷೆ ಕಟ್ಟುವವರು ಹೋಗಿ ಕೇಳಿಲ್ಲ, ಅಷ್ಟೆ.)

ಹತ್ತಾರು ರಿವೆಟ್ಟು ಸರಿಯಾಗಿಯೇ ಕೂತವು. ಬಳಿಕ ನನ್ನ ಕೈ ಸೋತು ಗಟ್ಟಿ ತುಸು ವಾಲಿತು. ಅವನು ಕನ್ನಡಿ, ಟಾರ್ಚು ಹಿಡಿದು ನೋಡಿ, “ಬಾಲ ಮಲಗಿಬಿಟ್ಟಿದೆ, ತೆಗೀಬೇಕು” ಎಂದ. ತೆಗೆಯುವುದು ಹಾಕುವುದಕ್ಕಿಂತ ಕಷ್ಟ. ಕೊರೆಯುವಾಗ ತೂತು ದೊಡ್ಡದಾದರೆ ಇನ್ನೊಂದು ತಾಪತ್ರಯ. “ಒಂದು ತಾನೆ? ತಗಡು ಮುಚ್ಚಿದ ಮೇಲೆ ಯಾರು ನೋಡುತ್ತಾರೆ?” ಎಂದುಬಿಟ್ಟೆ. ಹಾಗೆಂದವನು ತರಗತಿಯಲ್ಲಿ ಅವನಿಗೆ ಪ್ರಾಮಾಣಿಕತೆಯ ಪಾಠ ಹೇಳಿದ ಮೇಷ್ಟರು. “ಒಂದಕ್ಕೇ ವಿಮಾನ ಬೀಳೋದಿಲ್ಲ, ಮೇಷ್ಟ್ರೇ. ಆದರೆ ಮೇಲೆ ಹೋದಾಗ ನನಗೆ ಅದು ನೆನಪಾಗುತ್ತೆ” ಎಂದವನೇ ಕೊರೆಯತೊಡಗಿದ.

ಗೈಡಿನ ಮಾತನ್ನು ನಾನು ಅಲ್ಲಿಯೇ ಹಿಂದಕ್ಕೆ ತೆಗೆದುಕೊಂಡೆ. ಗೈಡು ನೋಡಿ ಬರೆದವನು ತನ್ನ ಉತ್ತರದ ಮೇಲೆ ಕೂತು ಆಕಾಶಕ್ಕೆ ಏರಬೇಕಾಗಿಲ್ಲ.

ಅಲ್ಲಿನ ಕಾನೂನು ಇನ್ನೂ ಸ್ವಾರಸ್ಯದ್ದು. ಇಂಥ ವಿಮಾನದ ನಿರ್ಮಾಣದ ಪ್ರಧಾನ ಭಾಗವನ್ನು, ತಮ್ಮ ವಿದ್ಯಾಭ್ಯಾಸಕ್ಕಾಗಿ ಅಥವಾ ವಿನೋದಕ್ಕಾಗಿ ಮಾತ್ರವೇ ಕೈಹಾಕಿದವರು ಮಾಡಿರಬೇಕು. ಜನ ಇದನ್ನು ಐವತ್ತೊಂದರ ನಿಯಮ ಎನ್ನುತ್ತಾರೆ: ನೂರಕ್ಕೆ 51ರಷ್ಟು ಕೆಲಸ ಹವ್ಯಾಸಿಯ ಕೈಯದೇ. ಮಾಡಿದ್ದಕ್ಕೆಲ್ಲ ಫೋಟೋ, ದಿನಚರಿ ಇಟ್ಟು ತೋರಿಸಬೇಕು. ವಿಮಾನದ ಕಾನೂನಿನಲ್ಲಿ ‘ವಿದ್ಯಾಭ್ಯಾಸ’ ಎಂಬ ಮಾತನ್ನು ಕಂಡು ನಾನು ಬೆರಗಾದೆ. ನಮ್ಮ ಮಹಾಪ್ರಬಂಧಗಳಿಗೆ ಈ ನಿಯಮ ಏಕೆ ಇರಬಾರದು? ಪೂರ್ತಿ ನೂರು ಬೇಡ; ಹಿಂದಿನವರು ಕೊರೆದಿಟ್ಟ ತೂತುಗಳನ್ನು ಎಲ್ಲ ವಿದ್ವಾಂಸರೂ ಬಳಸುತ್ತಾರೆ. ಐವತ್ತೊಂದು ಸಾಕು. ಈಗ ನಾವು ಪರೀಕ್ಷಿಸುವುದು ಎರವಲಿನ ಪ್ರಮಾಣವನ್ನು ಯಂತ್ರದಿಂದ ಅಳೆದು; ಹೊದಿಕೆಯ ಹೊಳಪು ನೋಡಿ ಸಹಿ ಹಾಕುತ್ತೇವೆ. ಎಷ್ಟು ಕೊರೆದು ತೆಗೆದೆ, ಯಾವ ಅಧ್ಯಾಯ ಎರಡನೆಯ ಸಲ ಬರೆದೆ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಕೇಳಿಲ್ಲ.

ಇದು ಹಣವಂತರ ಶೋಕಿ ಎಂಬ ಆಕ್ಷೇಪ ಸುಳ್ಳಲ್ಲ. ಅಪಾಯವೂ ಇದೆ: ಮನೆಯಲ್ಲಿ ಕಟ್ಟಿದವುಗಳಿಗೆ ಅಪಘಾತ ಹೆಚ್ಚೆಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯೇ 2012ರಲ್ಲಿ ಪರಿಶೀಲಿಸಿ ಹೇಳಿದೆ. ಅದಕ್ಕೆಂದೇ ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ ಪರೀಕ್ಷೆಯ ಹಾರಾಟ. ಆಗ ನೆಂಟರಿಷ್ಟರನ್ನು ಕೂರಿಸುವಂತಿಲ್ಲ. ಆದರೆ 1903ರಲ್ಲಿ ಹಾರಿದ ರೈಟ್ ಸಹೋದರರೂ ಸೈಕಲ್ಲಿನ ಅಂಗಡಿಯವರೇ. ಪುಸ್ತಕದ ಅಂಕಿಗಳು ನಂಬಿಕೆಗೆ ಬಾರದಾದಾಗ, 1901ರಲ್ಲಿ ತಾವೇ ಒಂದು ಗಾಳಿಯ ಪೆಟ್ಟಿಗೆ ಮಾಡಿ, ಕೈಯಿಂದ ಕತ್ತರಿಸಿದ ಪುಟ್ಟ ರೆಕ್ಕೆಗಳನ್ನು ಅದರೊಳಗೆ ಅಳೆದು ನೋಡಿದರು. ಅಂಕಿ ತಪ್ಪಿದ್ದರೆ ಬೀಳುವವರೂ ಅವರೇ ಆಗಿದ್ದರು.

ನಾನು ಹೊರಡುವ ಮುನ್ನಾದಿನ ಆ ಭಾಗದ ತಗಡು ಮುಚ್ಚುವುದಿತ್ತು. ಒಳಗೆ ಏನಾದರೂ ಬರೆಯಿರಿ ಎಂದ. ಜೇಬಿನಿಂದ ಪೆನ್ಸಿಲು ತೆಗೆದೆ. ಥಟ್ಟನೆ ಕೈ ಹಿಡಿದ. ಪೆನ್ಸಿಲಿನ ಕಡ್ಡಿ ತಗುಲಿದರೆ ಅಲ್ಯುಮಿನಿಯಂ ಸವೆದುಹೋಗುತ್ತದಂತೆ. ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈಗೆ ಅವನು ಮಸಿಯ ಲೇಖನಿ ಕೊಟ್ಟು, ಎಲ್ಲಿ ಬರೆಯಬೇಕೆಂದು ತೋರಿಸಿದ. ಹೆಸರು ಬರೆಯಲು ಮನಸ್ಸು ಬರಲಿಲ್ಲ. ನಾನು ಕೆಡಿಸಿದ, ಅವನು ತೆಗೆದು ಹಾಕಿದ ರಿವೆಟ್ಟಿನ ಪಕ್ಕದಲ್ಲಿ ಸಣ್ಣದಾಗಿ ‘ತಿದ್ದಿದೆ’ ಎಂದು ಬರೆದೆ. ಸಂಜೆಯ ಹೊತ್ತಿಗೆ ಅದರ ಮೇಲೆ ತಗಡು ಕೂತಿತ್ತು.