ಕತ್ತರಿ ಆಡಿಸಿದವರು, ಹೆಸರು ಹಾಕಿಸಿಕೊಂಡವರು

1970ರ ಜೂನ್ ತಿಂಗಳು, ಬುಧವಾರದಿಂದ ಶನಿವಾರದ ತನಕ ನಾಲ್ಕು ರಾತ್ರಿ, ಮೈಲ್ಸ್ ಡೇವಿಸ್‌ನ ತಂಡ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್‌ನಲ್ಲಿ ನುಡಿಸಿತು. ಅದು ರಾಕ್ ಸಂಗೀತದ ಸಭಾಂಗಣ. ಮುಖ್ಯ ಕಾರ್ಯಕ್ರಮ ಲಾರಾ ನೀರೋ ಎಂಬ ಗಾಯಕಿಯದು. ಜಾಝ್ ಲೋಕದ ದೊಡ್ಡ ಹೆಸರಾಗಿದ್ದವನು ಅವಳಿಗಿಂತ ಮೊದಲು ವೇದಿಕೆ ಹತ್ತಿ ಇಳಿಯಬೇಕಿತ್ತು. ಎಲೆಕ್ಟ್ರಿಕ್ ಪಿಯಾನೋದಲ್ಲಿ ಚಿಕ್ ಕೊರಿಯಾ, ಎಲೆಕ್ಟ್ರಿಕ್ ಆರ್ಗನ್ನಿನಲ್ಲಿ ಕೀತ್ ಜ್ಯಾರೆಟ್, ಬೇಸ್ ಡೇವ್ ಹಾಲಂಡ್, ಡ್ರಮ್ಸ್ ಜ್ಯಾಕ್ ಡಿಜೊನೆಟ್, ಸ್ಯಾಕ್ಸೊಫೋನ್ ಸ್ಟೀವ್ ಗ್ರಾಸ್‌ಮನ್, ಬಿಡಿ ತಾಳವಾದ್ಯಗಳಿಗೆ ಬ್ರೆಜಿಲಿನ ಐರ್ಟೊ ಮೊರೇರಾ. ಅದೇ ವರ್ಷ ಎರಡು ಎಲ್‌ಪಿಗಳ ಆಲ್ಬಂ ಹೊರಬಂದಾಗ ಒಂದೊಂದು ರಾತ್ರಿಯೂ ತಟ್ಟೆಯ ಒಂದೊಂದು ಮಗ್ಗುಲಿಗೆ ಅಡಕವಾಗಿತ್ತು. ನಿರ್ಮಾಪಕ ಟಿಯೋ ಮ್ಯಾಸೆರೊ ಟೇಪನ್ನು ಕತ್ತರಿಸಿ, ಬೇಕಾದದ್ದನ್ನು ಇಟ್ಟುಕೊಂಡು, ಅಂಟಿಸಿದ್ದ. ರಚನೆಗಳ ಹೆಸರೂ ಇಲ್ಲ. ಬುಧವಾರದ ಮೈಲ್ಸ್, ಗುರುವಾರದ ಮೈಲ್ಸ್, ಹೀಗೆ.

ಆಯಾ ಗಳಿಗೆಯಲ್ಲಿ ಹುಟ್ಟುವುದೇ ಮನೋಧರ್ಮದ ಜೀವ ಎಂದಮೇಲೆ ಅದನ್ನು ಆಮೇಲೆ ಕೂತು ಕತ್ತರಿಸುವುದು ಮೋಸವಲ್ಲವೇ? ಈ ಆಕ್ಷೇಪ ನಮ್ಮ ಕಚೇರಿ ರಸಿಕರಿಗೆ ಬಿಡಿಸಿ ಹೇಳಬೇಕಾದ್ದಲ್ಲ. ಆಲಾಪನೆಯಲ್ಲಿ ರಾಗ ಕೈಗೆ ಹತ್ತುವ ಮೊದಲಿನ ತಡಕಾಟವನ್ನೆಲ್ಲ ತೆಗೆದು, ಚೆನ್ನಾಗಿ ಬಂದ ಭಾಗಗಳನ್ನಷ್ಟೇ ಪೋಣಿಸಿ ಕೊಟ್ಟರೆ ಅವರು ಸುಮ್ಮನಿರುವವರಲ್ಲ. ಆದರೂ ಈ ಆಕ್ಷೇಪ ಅರ್ಧ ಮಾತ್ರ ಸರಿ ಎಂದು ನನ್ನ ಎಣಿಕೆ.

ವಿದ್ಯುತ್ ವಾದ್ಯಗಳು ಬಂದಮೇಲೆ ‘ಇದ್ದದ್ದು ಇದ್ದಹಾಗೆ’ ಎಂಬುದಕ್ಕೆ ನೆಲೆಯೇ ಸಡಿಲವಾಯಿತು. ಮರದ ಪಿಯಾನೋ ನುಡಿದರೆ ಅದರ ನಾದ ಆ ಕೋಣೆಯ ಗಾಳಿಯಲ್ಲಿರುತ್ತದೆ. ಮೈಕು ಅದನ್ನು ಹಿಡಿಯುತ್ತದೆ. ಕೊರಿಯಾ ಒತ್ತಿದ ಸ್ವರ ಹಾಗಲ್ಲ. ಅದು ತಂತಿಯಲ್ಲಿ ಹರಿದು, ರಿಂಗ್ ಮಾಡ್ಯುಲೇಟರ್ ಎಂಬ ಪೆಟ್ಟಿಗೆಯೊಳಗೆ ಹೊಕ್ಕು, ಕಂಚು ಬಡಿದಂಥ ಶ್ರುತಿಗೆಟ್ಟ ಸದ್ದಾಗಿ ಸ್ಪೀಕರಿನಿಂದ ಹೊರಬೀಳುತ್ತಿತ್ತು. ಮುಂದಿನ ಸಾಲಿನವನಿಗೆ ಕೇಳಿದ್ದು ಒಂದು, ಬಾಲ್ಕನಿಯವನಿಗೆ ಇನ್ನೊಂದು, ಸ್ಪೀಕರುಗಳ ಹಿಂದೆ ಕೂತ ಡ್ರಮ್ಮಿನವನಿಗೆ ಮತ್ತೊಂದು. ಟೇಪಿಗೆ ಇಳಿದದ್ದು ಇವು ಯಾವುದೂ ಅಲ್ಲ. ಯಾವ ಮೂಲಕ್ಕೆ ಮ್ಯಾಸೆರೊ ನಿಷ್ಠನಾಗಿರಬೇಕಿತ್ತು?

ಬದಲಾದದ್ದು ನಾದ ಮಾತ್ರವಲ್ಲ, ಕೂಡಿ ನುಡಿಸುವ ಬಗೆ ಕೂಡ. ಹಳೆಯ ಜಾಝ್‌ನಲ್ಲಿ ಒಬ್ಬನ ಸರದಿ ಮುಗಿದಮೇಲೆ ಇನ್ನೊಬ್ಬನ ಸರದಿ, ಉಳಿದವರು ಪಕ್ಕವಾದ್ಯ. ಫಿಲ್ಮೋರ್‌ನ ಆ ಅಬ್ಬರದಲ್ಲಿ ಎರಡು ಕೀಬೋರ್ಡುಗಳು ಒಂದರ ಮೇಲೊಂದು ಏರಿ ಬೀಳುತ್ತಿದ್ದವು. ಒಂದು ಯೋಚನೆ ಯಾರ ಬೆರಳಲ್ಲಿ ಶುರುವಾಗಿ ಯಾರ ಬೆರಳಲ್ಲಿ ಮುಗಿಯಿತು ಎಂದು ಹೇಳುವುದು ಕಷ್ಟ. ಒಂದು ರಚನೆಗೂ ಇನ್ನೊಂದಕ್ಕೂ ನಡುವೆ ನಿಲುಗಡೆಯಿಲ್ಲ, ಘೋಷಣೆಯಿಲ್ಲ. ಮೈಲ್ಸ್ ಮುಂದಿನದರ ನಾಲ್ಕು ಸ್ವರವನ್ನು ಟ್ರಂಪೆಟ್ಟಿನಲ್ಲಿ ಸೂಚಿಸಿದರೆ ಇಡೀ ತಂಡ ಅತ್ತ ಹೊರಳುತ್ತಿತ್ತು.

ಅದೇ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಸೆಲ್ಲಾರ್ ಡೋರ್ ಎಂಬ ಸಣ್ಣ ಕ್ಲಬ್ಬಿನಲ್ಲಿ ನುಡಿಸುವ ಹೊತ್ತಿಗೆ ತಂಡ ಬದಲಾಗಿತ್ತು. ಸ್ಟೀವಿ ವಂಡರ್‌ನ ಬಳಿಯಿಂದ ಬಂದ ಮೈಕಲ್ ಹೆಂಡರ್ಸನ್ ಎಲೆಕ್ಟ್ರಿಕ್ ಬೇಸ್‌ನಲ್ಲಿ ಒಂದೇ ಎಳೆಯನ್ನು ಬಿಡದೆ ಮೀಟುತ್ತ ಕೂರುತ್ತಿದ್ದ; ಜಾಝ್‌ನ ಚಾತುರ್ಯಗಳೊಂದೂ ಅವನಿಗೆ ಬೇಕಿರಲಿಲ್ಲ, ತಂಡಕ್ಕೆ ಬೇಕಾಗಿದ್ದೂ ಆ ಹಟವೇ. ಕೊನೆಯ ರಾತ್ರಿ ಗಿಟಾರ್ ಹಿಡಿದು ಜಾನ್ ಮೆಕ್‌ಲಾಫ್ಲಿನ್ ಸೇರಿಕೊಂಡ. ಈ ರಾತ್ರಿಗಳಿಂದ ಹುಟ್ಟಿದ್ದು 1971ರ ‘ಲೈವ್-ಈವಿಲ್’. ಅದರ ಮೊದಲ ತುಣುಕು ಕ್ಲಬ್ಬಿನಲ್ಲಿ ಆರಂಭವಾಗಿ ನಡುದಾರಿಯಲ್ಲಿ ಕೆಲವು ತಿಂಗಳ ಹಿಂದಿನ ಸ್ಟುಡಿಯೋ ಧ್ವನಿಮುದ್ರಣಕ್ಕೆ ಜಾರುತ್ತದೆ. ನನಗೆ ಇದರಲ್ಲಿ ದೂರಿಲ್ಲ. ಬೆಸುಗೆ ಕಿವಿಗೆ ಸಿಗುತ್ತದೆ. ಬೇರೆ ಬೇರೆ ದಿನಗಳನ್ನು ಕೂಡಿಸಿ ಹೊಸದೊಂದನ್ನು ಕಟ್ಟಿದ್ದೇವೆ ಎಂದು ತಟ್ಟೆಯೇ ಸಾರುತ್ತದೆ.

ಫಿಲ್ಮೋರ್ ಆಲ್ಬಂ ಬೇರೆ ಜಾತಿಯದು. 2014ರಲ್ಲಿ ಆ ನಾಲ್ಕು ರಾತ್ರಿಗಳ ಪೂರ್ಣ ಟೇಪು ಪ್ರಕಟವಾಯಿತು. ಸೆಲ್ಲಾರ್ ಡೋರ್‌ನ ಟೇಪುಗಳಲ್ಲಿ ಹಲವು 2005ರಲ್ಲೇ ಬಂದಿದ್ದವು. ಫಿಲ್ಮೋರ್‌ನ ಪೂರ್ಣ ಟೇಪಿನೊಂದಿಗೆ ಹೋಲಿಸಿದರೆ ಹಳೆಯ ಎಲ್‌ಪಿಯಲ್ಲಿ ಸೊರಗಿರುವುದು ಯಾವುದೆಂದು ತಿಳಿಯುತ್ತದೆ: ಒಂದು ರಚನೆಯಿಂದ ಇನ್ನೊಂದಕ್ಕೆ ಸಾಗುವ ನಡಿಗೆ, ಇಬ್ಬರು ಕೀಬೋರ್ಡಿನವರು ದಾರಿ ತಪ್ಪಿ ಮತ್ತೆ ದಾರಿ ಹಿಡಿಯುವುದು. ಎಲ್‌ಪಿಯಲ್ಲಿ ಹೆಚ್ಚಾಗಿ ಸಿಕ್ಕಿದ್ದು ಇದೆ, ಹುಡುಕಿದ್ದು ಕಡಿಮೆ. ಹಾಗಾಗಿ ಕತ್ತರಿ ಆಡಿತೇ ಇಲ್ಲವೇ ಎಂದು ಕೇಳಿ ಪ್ರಯೋಜನವಿಲ್ಲ. ಯಾವುದನ್ನು ತೆಗೆಯಿತು ಎಂದು ಕೇಳಬೇಕು.

ಕತ್ತರಿಯ ಪಾಪವನ್ನು ವಿದ್ಯುತ್ತಿನ ತಲೆಗೆ ಕಟ್ಟುವವರೂ ಇದ್ದಾರೆ. 1975 ಅದಕ್ಕೆ ಉತ್ತರ ಕೊಡುತ್ತದೆ. ಜನವರಿ 24ರಂದು ಜ್ಯಾರೆಟ್ ಜರ್ಮನಿಯ ಕಲೋನ್‌ನಲ್ಲಿ ಒಂಟಿಯಾಗಿ, ಲಕ್ಷಣವಿಲ್ಲದ ಒಂದು ಮರದ ಪಿಯಾನೋದ ಮುಂದೆ ಕೂತು, ಧ್ವನಿಮುದ್ರಣ ಇಂದಿಗೂ ಮಾರಾಟವಾಗುತ್ತಿರುವ ಕಚೇರಿ ನಡೆಸಿದ. ಎಂಟು ದಿನ ಕಳೆದು, ಫೆಬ್ರವರಿ 1ರಂದು, ಮೈಲ್ಸ್ ಒಸಾಕಾದ ಫೆಸ್ಟಿವಲ್ ಹಾಲಿನಲ್ಲಿ ಮಧ್ಯಾಹ್ನ ಒಂದು, ಸಂಜೆ ಒಂದು ಕಚೇರಿ ಕೊಟ್ಟ. ಪೀಟ್ ಕೋಸಿಯ ಗಿಟಾರು ಕಿವಿ ಕೊರೆಯುವ ಆ ಎರಡೂ ‘ಅಘಾರ್ತಾ’, ‘ಪ್ಯಾಂಗಿಯಾ’ ಎಂಬ ಜೋಡಿ ಆಲ್ಬಂಗಳಾದವು. ಅವುಗಳ ಮೇಲೆ ಕತ್ತರಿ ಅಷ್ಟಾಗಿ ಆಡಿಲ್ಲ. ಅದೇ ಜುಲೈಯಲ್ಲಿ ಮೆಕ್‌ಲಾಫ್ಲಿನ್ ವಿದ್ಯುತ್ತನ್ನು ಬದಿಗಿಟ್ಟು, ಎಲ್. ಶಂಕರ್, ಝಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಜೊತೆ ನ್ಯೂಯಾರ್ಕ್ ರಾಜ್ಯದ ಒಂದು ಕಾಲೇಜಿನಲ್ಲಿ ನುಡಿಸಿದ್ದು ಶಕ್ತಿ ತಂಡದ ಮೊದಲ ಆಲ್ಬಂ ಆಯಿತು. ಪ್ರಾಮಾಣಿಕತೆ ಪ್ಲಗ್ಗಿನಲ್ಲಿಲ್ಲ.

ಇಷ್ಟಾದರೂ ಕತ್ತರಿಯ ವಿಚಾರದಲ್ಲಿ ನಾನು ಉದಾರಿ. ಉದಾರನಾಗಲು ಮನಸ್ಸು ಬಾರದಿರುವುದು ರಚನಕಾರನ ಹೆಸರಿನ ವಿಚಾರದಲ್ಲಿ. ಫಿಲ್ಮೋರ್ ಎಲ್‌ಪಿಯ ನಾಲ್ಕೂ ಮಗ್ಗುಲಿಗೆ ರಚನಕಾರ ಮೈಲ್ಸ್ ಡೇವಿಸ್ ಎಂದೇ ಅಚ್ಚಾಗಿತ್ತು. ಆದರೆ ಪ್ರತಿ ರಾತ್ರಿಯೂ ತಂಡ ಶುರುಮಾಡುತ್ತಿದ್ದ ‘ಡೈರೆಕ್ಷನ್ಸ್’ ಜೋ ಝಾವಿನುಲ್‌ನದು. ‘ಲೈವ್-ಈವಿಲ್’ನಲ್ಲಿ ಅಬ್ಬರದ ನಡುವೆ ಬರುವ ಮೂರು ಪುಟ್ಟ, ಮೆಲುದನಿಯ ತುಣುಕುಗಳು ಬ್ರೆಜಿಲಿನ ಹರ್ಮೆಟೊ ಪಾಸ್ಕೋಲ್‌ನವು, ಅವನೇ ಅವುಗಳಲ್ಲಿ ಭಾಗವಹಿಸಿದ್ದ. ಅಲ್ಲೂ ಮೈಲ್ಸ್‌ನ ಹೆಸರೇ. ಇದು ಬರೀ ಗೌರವದ ಮಾತಲ್ಲ. ತಟ್ಟೆ ಮಾರಾಟವಾದಾಗಲೆಲ್ಲ ರಚನಕಾರನಿಗೆ ರಾಯಲ್ಟಿ ಸೇರುತ್ತದೆ. ಜೊತೆಯಲ್ಲಿ ನುಡಿಸಿದವನಿಗೆ ಸಾಮಾನ್ಯವಾಗಿ ಆ ಹೊತ್ತಿನ ಸಂಭಾವನೆ.

ತಂಡವನ್ನು ಆರಿಸಿದವನು ಮೈಲ್ಸ್, ಹೊರಳಿಸಿದವನು ಮೈಲ್ಸ್, ಅವನಿಲ್ಲದಿದ್ದರೆ ಇವರೆಲ್ಲ ಒಂದೇ ವೇದಿಕೆಯಲ್ಲಿ ಇರುತ್ತಲೇ ಇರಲಿಲ್ಲ ಎಂಬ ವಾದವಿದೆ. ಒಪ್ಪತಕ್ಕದ್ದೇ. ಆದರೆ ಆಳಾಗಿ ಬಂದವರು ಬರೆದಿಟ್ಟ ಸ್ವರಗಳನ್ನು ಓದಿ ಹೋದವರಲ್ಲ. ಅಲ್ಲಿ ಬರೆದದ್ದೆಂದರೆ ಒಂದಷ್ಟು ಸ್ವರಗುಚ್ಛ, ಒಂದು ಬೇಸ್ ಎಳೆ. ಇಪ್ಪತ್ತು ನಿಮಿಷದ ಸಂಗೀತ ಅದರ ಮೇಲೆ ಏಳೆಂಟು ತಲೆಗಳಿಂದ ಎದ್ದದ್ದು. ಕೃತಿಸ್ವಾಮ್ಯದ ಕಾನೂನು ರೂಪುಗೊಂಡದ್ದು ಒಬ್ಬನು ಕೂತು ಬರೆದ ರಾಗಸಂಯೋಜನೆಯನ್ನು ಕಣ್ಣ ಮುಂದಿಟ್ಟುಕೊಂಡು. ಕೂಡಿ ಕಟ್ಟಿದ್ದನ್ನು ಅದು ಯಾರದೋ ಒಬ್ಬರ ಕೃತಿಯ ‘ಪ್ರದರ್ಶನ’ ಎಂದೇ ಸಾಮಾನ್ಯವಾಗಿ ಎಣಿಸುತ್ತದೆ. ಮುಖಂಡನಿಗೆ ಇದಕ್ಕಿಂತ ಅನುಕೂಲವಾದ ಎಣಿಕೆ ಬೇರೆ ಇಲ್ಲ.

ಫಿಲ್ಮೋರ್‌ನ 2014ರ ಪ್ರಕಟಣೆಯಲ್ಲಿ ದಿನಗಳ ಹೆಸರು ಹೋಗಿ ರಚನೆಗಳ ಹೆಸರು ಬಂದಿವೆ, ‘ಡೈರೆಕ್ಷನ್ಸ್’ ಪಕ್ಕದಲ್ಲಿ ಝಾವಿನುಲ್ ಎಂದಿದೆ. ಆ ರಚನೆ ಬಿಟ್ಟು ಮುಂದಿನದು ಸಿಗುವತನಕ ಕೊರಿಯಾ ಮತ್ತು ಜ್ಯಾರೆಟ್ ಕಟ್ಟಿದ ನಿಮಿಷಗಳು ಮಾತ್ರ ಪಟ್ಟಿಯಲ್ಲಿ ಯಾರ ಹೆಸರಿನಲ್ಲೂ ಇಲ್ಲ. ಹಿಂದಿನದಕ್ಕೋ ಮುಂದಿನದಕ್ಕೋ ಬಾಲಂಗೋಚಿಯಾಗಿ ಸೇರಿಕೊಂಡಿವೆ.