ಗಾಂಜಾಕ್ಕೆ ಸಂಕೋಲೆ, ಮದ್ಯಕ್ಕೆ ಸನ್ನದು

ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕೆಂಬ ಕೂಗು ಕೇಳಿಬಂದಾಗಲೆಲ್ಲ ಸಂಸ್ಕೃತಿಯ ಕಾವಲುಗಾರರೆಂದು ಕರೆದುಕೊಳ್ಳುವವರು ಅದನ್ನು ವಿರೋಧಿಸಿ ಎದ್ದು ನಿಲ್ಲುತ್ತಾರೆ. ಕುಟುಂಬಗಳು ಒಡೆಯುತ್ತವೆ, ಯುವಜನಾಂಗ ಹಾಳಾಗುತ್ತದೆ, ಆದ್ದರಿಂದ ನಿಷೇಧ ಮುಂದುವರಿಯಲೇಬೇಕು ಎನ್ನುತ್ತಾರೆ. ನಾವೂ ಅದನ್ನೇ ಹೇಳುತ್ತೇವೆ. ಆದರೆ ಅವರು ಯಾವ ತತ್ವದ ಆಧಾರದಲ್ಲಿ ಇದನ್ನು ಹೇಳುತ್ತಿದ್ದಾರೆಂದು ಕೇಳುವ ಹಕ್ಕು ನಮಗಿದೆ.

ಸಂಪ್ರದಾಯವಾದಿಗಳಲ್ಲಿ ಎರಡು ಬಗೆ. ಸರ್ಕಾರ ಚಿಕ್ಕದಾಗಿರಬೇಕು, ಪ್ರಜೆಯ ಮನೆಯೊಳಗೆ ಇಣುಕಬಾರದು ಎನ್ನುವವರು ಅಮೆರಿಕದಲ್ಲಿ ಬಹಳ. ಈ ಮಾತಿಗೆ ನಿಷ್ಠರಾದವರು ಗಾಂಜಾ ನಿಷೇಧವನ್ನು ಸಮರ್ಥಿಸಲಾರರು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅದನ್ನು ದಶಕಗಳ ಕಾಲ ವಿರೋಧಿಸಿದರು. ವಿಲಿಯಂ ಬಕ್ಲಿ ಸ್ಥಾಪಿಸಿದ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯು ಮಾದಕ ವಸ್ತುಗಳ ವಿರುದ್ಧದ ಸಮರದಲ್ಲಿ ದೇಶ ಸೋತಿದೆಯೆಂದು 1996ರಲ್ಲಿಯೇ ಒಪ್ಪಿಕೊಂಡಿತು. ರಾಜ್ಯದ ಕಾನೂನಿನಂತೆ ಔಷಧಿಗಾಗಿ ಗಾಂಜಾ ಬೆಳೆದುಕೊಂಡ ಕ್ಯಾಲಿಫೋರ್ನಿಯಾದ ರೋಗಿಗಳ ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟಿಗೆ ಬಂದಾಗ, ರಾಜ್ಯಗಳ ಹಕ್ಕಿನ ಬಗ್ಗೆ ಸದಾ ಮಾತನಾಡುವ ಪಕ್ಷದ ಬುಷ್ ಸರ್ಕಾರವೇ ರಾಜ್ಯದ ಕಾನೂನಿನ ವಿರುದ್ಧ ವಾದಿಸಿ 2005ರಲ್ಲಿ ಗೆದ್ದಿತು. ಸಂಪ್ರದಾಯವಾದಿ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಭಿನ್ನ ತೀರ್ಪು ಬರೆದರು. ಅದೇ ಪಂಥದ ಸ್ಕಾಲಿಯ ಬಹುಮತದ ಕಡೆ ನಿಂತರು. ಫ್ರೀಡ್‌ಮನ್‌ರ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಆದರೆ ಆಡಿದ ಮಾತಿಗೆ ಅವರು ಬೆನ್ನು ತೋರಿಸಲಿಲ್ಲ.

ನಮ್ಮ ದೇಶದ ಸಂಪ್ರದಾಯವಾದಿಗಳು ಎರಡನೆಯ ಬಗೆಯವರು. ಪ್ರಜೆಯ ಶೀಲವನ್ನು ಕಾಯುವುದು ಪ್ರಭುತ್ವದ ಕರ್ತವ್ಯ ಎನ್ನುವವರು. ಒಳ್ಳೆಯದು. ಸಂವಿಧಾನದ 47ನೇ ವಿಧಿಯೂ ಈ ದಿಕ್ಕಿನಲ್ಲಿಯೇ ಇದೆ. ಆದರೆ ಆ ವಿಧಿಯು ಮಾದಕ ಪಾನೀಯ ಮತ್ತು ಮಾದಕ ವಸ್ತು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅದರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟವರು ಯಾರು? ಕರ್ನಾಟಕ 2007ರಲ್ಲಿ ಸಾರಾಯಿಯನ್ನು ನಿಷೇಧಿಸಿತು. ಬಡವನ ಪ್ಯಾಕೆಟ್ ಹೋಯಿತು, ಬಾಟಲಿ ಉಳಿಯಿತು. ಮದ್ಯದ ಸಗಟು ವ್ಯಾಪಾರವನ್ನು ಸರ್ಕಾರದ ನಿಗಮವೇ ನಡೆಸುತ್ತದೆ. ಚಿಲ್ಲರೆ ಮಾರಾಟಕ್ಕೆ ಸರ್ಕಾರಿ ಸ್ವಾಮ್ಯದ ಎಂ.ಎಸ್.ಐ.ಎಲ್. ಮಳಿಗೆಗಳೂ ಇವೆ. 2025-26ನೇ ಸಾಲಿಗೆ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40 ಸಾವಿರ ಕೋಟಿ ರೂಪಾಯಿ. ಕಾಂಗ್ರೆಸ್, ಬಿಜೆಪಿ, ಜನತಾದಳಗಳಲ್ಲಿ ಯಾರೇ ಗದ್ದುಗೆಯಲ್ಲಿದ್ದರೂ ಈ ಆದಾಯವನ್ನು ಬೇಡವೆಂದವರಿಲ್ಲ. 1960ರಿಂದ ಪಾನನಿಷೇಧದ ಹೆಮ್ಮೆಯನ್ನು ಹೊತ್ತಿದ್ದ ಗುಜರಾತು ಕೂಡ 2023ರ ಡಿಸೆಂಬರಿನಲ್ಲಿ ಗಿಫ್ಟ್ ಸಿಟಿಯ ಉದ್ಯಮಿಗಳಿಗಾಗಿ ಬಾಗಿಲು ತೆರೆಯಿತು. ಕುಡಿತದಿಂದ ಒಡೆಯುವ ಸಂಸಾರ ಸಂಸಾರವಲ್ಲವೇ?

ಇನ್ನು ಭಂಗಿಯ ವಿಷಯ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಿಡದ ಹೂ ಬಿಟ್ಟ ತುದಿ ಗಾಂಜಾ. ತುದಿಯಿಲ್ಲದ ಬರಿಯ ಎಲೆ ಗಾಂಜಾ ಅಲ್ಲ. ಭಂಗಿಯು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟು 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿದೆ. ಉತ್ತರ ಪ್ರದೇಶದಲ್ಲಿ ಭಂಗಿಯ ಅಂಗಡಿಗಳಿಗೆ ಸರ್ಕಾರವೇ ಪರವಾನಗಿ ಕೊಡುತ್ತದೆ. ಅನ್ಯರ ಆಚರಣೆಯನ್ನು ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಅಮಲೇ ಆಕ್ಷೇಪವಾಗಿದ್ದರೆ ಒಂದೇ ಗಿಡದ ಎಲೆಗೆ ಪರವಾನಗಿ, ಹೂವಿಗೆ ಜೈಲು ಎಂಬುದು ಯಾವ ತತ್ವ ಎಂದಷ್ಟೇ ಕೇಳುತ್ತಿದ್ದೇವೆ.

ತತ್ವ ಹೇಗಿರುತ್ತದೆಂಬುದಕ್ಕೆ ಇಸ್ಲಾಮೀ ಪರಂಪರೆಯಲ್ಲಿ ನಿದರ್ಶನವಿದೆ. ಪವಿತ್ರ ಕುರ್‌ಆನಿನಲ್ಲಿ ಹಶೀಶಿನ ಹೆಸರಿಲ್ಲ. ಮುಸ್ಲಿಮ್ ನಾಡುಗಳಲ್ಲಿ ಆ ಚಟ ಹರಡಿದಾಗ ಇಬ್ನು ತೈಮಿಯ್ಯರಂಥ ವಿದ್ವಾಂಸರು ಹೆಸರನ್ನು ನೋಡಲಿಲ್ಲ, ಪರಿಣಾಮವನ್ನು ನೋಡಿದರು. ಬುದ್ಧಿಯನ್ನು ಮಂಕುಗೊಳಿಸುವುದರಿಂದ ಅದು ಮದ್ಯದಂತೆಯೇ ನಿಷಿದ್ಧವೆಂದು ತೀರ್ಪಿತ್ತರು. ಪ್ರವಾದಿವರ್ಯರು(ಸ) ಮದ್ಯದ ವಿಷಯದಲ್ಲಿ ಕುಡಿಯುವವನನ್ನು ಮಾತ್ರ ಶಪಿಸಲಿಲ್ಲ. ತಯಾರಿಸುವವನು, ಹೊರುವವನು, ಮಾರುವವನು, ಅದರ ಹಣವನ್ನು ತಿನ್ನುವವನು ಎಲ್ಲರನ್ನೂ ಆ ಸಾಲಿಗೆ ಸೇರಿಸಿದರು. ಬೊಕ್ಕಸಕ್ಕೂ ಇದರಿಂದ ವಿನಾಯಿತಿ ಇಲ್ಲ.

ನಮ್ಮ ಕಾನೂನಿನ ಕೈ ಸುಲಭವಾಗಿ ಎಟಕುವುದು ಬೀದಿ ತಿರುವಿನಲ್ಲಿ ಸೇದುತ್ತಿರುವ ಹುಡುಗನಿಗೆ. ಸೇವನೆಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅದೇ ಕಾಯ್ದೆಯ 64ಎ ಕಲಮು, ಸ್ವಇಚ್ಛೆಯಿಂದ ಮಾನ್ಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಯನ್ನು ಸೇವನೆಯ ಮೊಕದ್ದಮೆಯಿಂದ ರಕ್ಷಿಸುತ್ತದೆ. ಇದನ್ನು ಎಷ್ಟು ತಂದೆತಾಯಿಗಳು ಬಲ್ಲರು? ಮಗ ವ್ಯಸನಿಯೆಂದು ಗೊತ್ತಾದರೆ ಮಗಳ ಸಂಬಂಧ ತಪ್ಪೀತೆಂದು ಬಾಯಿ ಮುಚ್ಚಿ ಕುಳಿತವರಿದ್ದಾರೆ. ಅವರು ಬಾಯಿ ತೆರೆಯುವಷ್ಟರಲ್ಲಿ ಪೊಲೀಸರು ಬಾಗಿಲಿಗೆ ಬಂದಿರುತ್ತಾರೆ.

ನಮ್ಮವರ ಸಂಗತಿಯನ್ನೂ ಹೇಳದಿದ್ದರೆ ಈ ಬರಹ ಏಕಪಕ್ಷೀಯವಾದೀತು. ಗಾಂಜಾದ ವಿರುದ್ಧ ಮೊಹಲ್ಲಾದಲ್ಲಿ ಮೆರವಣಿಗೆ ನಡೆಸುವ ನಾವು, ಮದ್ಯದಂಗಡಿಗೆ ಕಟ್ಟಡ ಬಾಡಿಗೆಗೆ ಕೊಟ್ಟವರಿಗೆ ಮೊದಲ ಸಫ್ಫಿನಲ್ಲಿ ಜಾಗ ಬಿಡುತ್ತೇವೆ. ಅವರ ಚಂದಾದಿಂದ ಮಸೀದಿಗೆ ಅಮೃತಶಿಲೆ ಹಾಕಿಸುತ್ತೇವೆ. ಸರ್ಕಾರ ಅಬಕಾರಿ ಹಣದಿಂದ ಶಾಲೆ ಕಟ್ಟಿದೆನೆಂದಾಗ ನಗುವ ಅರ್ಹತೆ ನಮಗೆಲ್ಲಿಂದ ಬರಬೇಕು?

ಮುಂದಿನ ಚುನಾವಣೆಯಲ್ಲಿ ಗಾಂಜಾಮುಕ್ತ ಊರಿನ ಭರವಸೆ ಹೊತ್ತು ಮನೆ ಬಾಗಿಲಿಗೆ ಬರುವ ಅಭ್ಯರ್ಥಿಯೊಡನೆ, ಅವನು ಯಾವ ಪಕ್ಷದವನಾಗಿದ್ದರೂ ಸರಿ, ಬೀದಿ ಕೊನೆಯ ಮದ್ಯದಂಗಡಿಯ ಬಗ್ಗೆ ಅವನ ನಿಲುವೇನೆಂದು ಕೇಳಬೇಕು. ಅದಕ್ಕೂ ಮುನ್ನ ಜಮಾಅತ್ ಕಮಿಟಿಯ ಮುಂದಿನ ಸಭೆಯಲ್ಲಿ ಆ ಕಟ್ಟಡ ಯಾರದೆಂದು ಒಬ್ಬರಾದರೂ ಎದ್ದು ಕೇಳಲಿ.